ಗುಡ್ಡ ಬೀಳುವ ಮೊದಲಿನ ಮೀನು

ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಅಕ್ಕನ ಮನೆಯಿಂದ ಒಂದು ಡಬ್ಬಿ ಒಣ ಬಂಗಡೆ ಬರುತ್ತಿತ್ತು. ಅವಳನ್ನು ಕೊಟ್ಟದ್ದು ಅಂಕೋಲೆಯ ಕಡೆ, ಹೊಳೆ ದಂಡೆಯ ಒಂದು ಊರಿಗೆ. ಭಾವನದು ಸಣ್ಣ ದೋಣಿ. ಬೇಸಿಗೆಯಲ್ಲಿ ಅವರು ಕಡಲಿಂದ ತಂದ ಬಂಗಡೆಯನ್ನು ಅಕ್ಕ ಸೀಳಿ, ಉಪ್ಪು ತುಂಬಿ, ಹಳೆಯ ಬಲೆ ಹಾಸಿ ಒಣಗಿಸುತ್ತಿದ್ದಳು. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಆಗ ನಮ್ಮಂಥವರಿಗೆ ಅದೇ ಗತಿ. ಡಬ್ಬಿ ಹಿಡಿದುಕೊಂಡು ಭಾವನೇ ಬಸ್ಸಿನಲ್ಲಿ, ನನ್ನ ಗಂಡನಿಗೆ ಕೆಲಸವಿದ್ದ ಮಲ್ಲಾಪುರದ ನಮ್ಮ ಕ್ವಾರ್ಟರ್ಸಿಗೆ ಬರುತ್ತಿದ್ದರು. ಕಂಡಕ್ಟರ್ ಮೂಗು ಮುಚ್ಚಿಕೊಂಡ ಕತೆಯನ್ನು ಪ್ರತಿ ಸಲವೂ ಹೊಸದೆಂಬಂತೆ ಹೇಳಿ ನಗುತ್ತಿದ್ದರು.

ಆ ವರ್ಷವೂ ತಂದುಕೊಟ್ಟು, ಚಾ ಕುಡಿದು ಹೋದರು. ಆಮೇಲೆ ಮಳೆ ಜೋರಾದ ಒಂದು ಬೆಳಿಗ್ಗೆ ಹೊಳೆಯ ಆಚೆ ದಡದ ಗುಡ್ಡ ಕುಸಿದು ನೀರಿಗೆ ಬಿತ್ತು. ಹೊಳೆ ಎದ್ದು ಈಚೆ ದಡದ ಮನೆಗಳ ಮೇಲೆ ಬಂತು. ಅಕ್ಕ ಮನೆ ಹಿಂದಿನ ದಿಬ್ಬದ ಮೇಲೆ ಸೌದೆಗೆ ಹೋಗಿದ್ದಳು, ಉಳಿದಳು. ಭಾವ ದೋಣಿಯ ಹಗ್ಗ ಬಿಗಿಯಲು ಕೆಳಗೆ ಇಳಿದಿದ್ದರು. ಅವರು ಸಿಕ್ಕಿದ್ದು ಕೆಲವು ದಿನ ಕಳೆದ ಮೇಲೆ, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ. ಹೊಳೆ ಎಳೆದೊಯ್ದವರೆಲ್ಲರೂ ಸಿಗಲಿಲ್ಲ.

ಮಕ್ಕಳಿಲ್ಲದ ಅಕ್ಕನನ್ನು ಕ್ರಿಯೆ ಮುಗಿಸಿ ನಮ್ಮಲ್ಲಿಗೇ ಕರೆತಂದೆವು. ನಮ್ಮ ಜನದಲ್ಲಿ ಸೂತಕ ಕಳೆದ ಮೇಲೆ ನೆಂಟರು ಮೀನು ಮಾಡಿ ಬಡಿಸುತ್ತಾರೆ. ಇನ್ನು ಎಂದಿನಂತೆ ಉಣ್ಣು ಅನ್ನುವ ರೀತಿ ಅದು. ಆ ಊಟ ಆಗಲಿಲ್ಲ. ಆ ಹೊಳೆಯ ಮೀನನ್ನು ಆಗ ಆ ದಂಡೆಯಲ್ಲಿ ಯಾರೂ ಒಲೆಗೆ ಏರಿಸುತ್ತಿರಲಿಲ್ಲ. ಏಕೆಂದು ಬಾಯಿಬಿಟ್ಟು ಹೇಳುವವರೂ ಇರಲಿಲ್ಲ. ನಮ್ಮ ಅಡುಗೆಮನೆಗೂ ಮೀನು ಬರುವುದು ನಿಂತಿತು.

ಅಕ್ಕ ಬೇರೆಯದನ್ನಾದರೂ ಉಂಡಿದ್ದರೆ ಆಗುತ್ತಿತ್ತು. ಬಸಳೆ ಮಾಡಿದರೂ ಅಷ್ಟೆ, ಹೆಸರುಕಾಳು ಮಾಡಿದರೂ ಅಷ್ಟೆ, ಎರಡು ತುತ್ತಿಗೆ ಸಾಕು ಅನ್ನುವಳು. ಅವಳಿಗೆ ಸಕ್ಕರೆ ಕಾಯಿಲೆ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಳು. ಹೀಗೇ ಮುಂದುವರಿದರೆ ಕಷ್ಟ ಎಂದು ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದರು. ಹೇಳುವುದಕ್ಕೇನು, ನುಂಗಬೇಕಾದವಳು ಅವಳು.

ಭಾವ ತಂದ ಡಬ್ಬಿಯನ್ನು ನಾನು ಅವಳ ಕಣ್ಣಿಗೆ ಬೀಳದಂತೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಆದರೆ ಒಣ ಮೀನಿಗೆ ಮಳೆಗಾಲದಲ್ಲಿ ನಡುನಡುವೆ ಬಿಸಿಲು ತೋರಿಸದಿದ್ದರೆ ಕೆಡುತ್ತದೆ. ಮಳೆ ಬಿಡುವು ಕೊಟ್ಟ ಒಂದು ದಿನ, ಅಕ್ಕ ಮಲಗಿದ್ದಾಳೆಂದುಕೊಂಡು ಟೆರೇಸಿಗೆ ಒಯ್ದು ಹರಡಿದೆ. ವಾಸನೆ ಬಂದರೆ ಕೆಳಗಿನ ಮನೆಯವರು ಧಡ್ ಅಂತ ಕಿಟಕಿ ಹಾಕುತ್ತಾರೆ. ಅವತ್ತು ಹಾಕಲಿಲ್ಲ.

ವಾಸನೆ ಹಿಡಿದು ಅಕ್ಕ ಮೆಟ್ಟಿಲೇರಿ ಬಂದಿದ್ದಳು. ಏದುಸಿರು ಬಿಡುತ್ತಿದ್ದಳು.

"ಹೀಂಗ್ ಒಂದರ ಮೇಲೊಂದು ಹಾಕಿದ್ರೆ ಒಣಗ್ತದನೇ?" ಅಂದಳು.

ಕೂತು, ಒಂದೊಂದನ್ನೇ ಬಿಡಿಸಿ ಮಗುಚಿದಳು. ಆಮೇಲೆ ಒಂದನ್ನು ಎತ್ತಿ ಹಿಡಿದು, ಅದರ ಹೊಟ್ಟೆ ಸೀಳಿದ ಗುರುತನ್ನು ಹೆಬ್ಬೆರಳಿಂದ ಸವರಿದಳು.

"ಇದು ಗುಡ್ಡ ಬೀಳೂಕಿಂತ ಮುಂಚಿಂದು. ಅವ್ರು ಹಿಡ್ದದ್ದು."

ಹೌದೆಂದೆ. ನೋಡಿದರೆ ತಡೆದುಕೊಳ್ಳುತ್ತೀಯೋ ಇಲ್ಲವೋ ಎಂದು ಮೇಲಿಟ್ಟಿದ್ದೆ ಎಂದೆ.

"ಇಟ್ಕಂಡ್ ನೀ ಎಂತ ಮಾಡ್ತೆ? ಹುಳ ತಿನ್ನೂಕಾ?"

ಮಧ್ಯಾಹ್ನದ ತನಕ ಅಲ್ಲೇ ಕೂತು ಕಾಗೆ ಓಡಿಸಿದಳು. ಇಳಿದು ಬಂದವಳು ಒಂದು ಸುಟ್ಟುಕೊಡು ಅಂದಳು. ಗ್ಯಾಸಿನ ಉರಿಯ ಮೇಲೇ ಸುಟ್ಟು, ಉಪ್ಪು ಹೋಗುವಂತೆ ತೊಳೆದು, ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಬಿಸಿ ಗಂಜಿಯ ಜೊತೆ ಇಟ್ಟೆ. ಅಕ್ಕ ಮುರಿದು ಬಾಯಿಗಿಟ್ಟಳು. ಅಗಿಯುತ್ತಾ ಅಗಿಯುತ್ತಾ ಕಣ್ಣಲ್ಲಿ ನೀರು ಇಳಿಯತೊಡಗಿತು. ಬೇಡವಾಯಿತೇನೋ ಎಂದು ನಾನು ಬಟ್ಟಲಿಗೆ ಕೈ ಹಾಕಿದರೆ ಅವಳು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡು. ಉಣ್ತೆ ನಾನು."

ಪೂರ್ತಿ ಉಂಡಳು. ಆಮೇಲೆ ನನ್ನನ್ನೇ ನೋಡಿದಳು. "ನೀನೂ ಕೂತ್ಕ. ಕನ್ನಡಿ ನೋಡ್ಕಂಡೀಯಾ? ನನಕಿಂತ ನೀನೇ ಸೊರಗಿದ್ದೆ." ನಾನೂ ಒಂದು ಸುಟ್ಟುಕೊಂಡು ಅವಳ ಪಕ್ಕದಲ್ಲಿ ಕೂತೆ. ಎಷ್ಟು ಹಸಿವಾಗಿತ್ತೆಂದು ಮೊದಲ ತುತ್ತಿನಲ್ಲಿ ಗೊತ್ತಾಯಿತು.

ಅಂದಿನಿಂದ ದಿನಕ್ಕೆ ಅರ್ಧ ಬಂಗಡೆ, ಜೊತೆಗೆ ಗಂಜಿ. ಊಟ ಆಗುತ್ತಲೇ ಮಾತ್ರೆ ಎಲ್ಲಿ ಎಂದು ಅವಳೇ ಕೇಳುವಳು. ಡಬ್ಬಿ ತಳ ಕಾಣುತ್ತಾ ಬಂದಾಗ ಒಂದನ್ನಾದರೂ ಹಾಗೇ ಇಡೋಣವೇ ಎಂದು ನಾನು ಕೇಳಿದ್ದೆ. ಇಟ್ಟು ನೋಡುವುದಕ್ಕೆ ಅವರೇನು ಹಿಡಿದು ತಂದದ್ದಲ್ಲ ಅಂದಳು. ಕೊನೆಯದನ್ನು ನಾವಿಬ್ಬರೂ ಹಂಚಿಕೊಂಡೆವು.

ಮರುದಿನ ಡಬ್ಬಿ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ನನ್ನ ಗಂಡ ಪೇಟೆಗೆ ಹೊರಟಿದ್ದರು. ದೋಣಿಗಳು ಕಡಲಿಗೆ ಇಳಿದವೇ ಎಂದು ಒಳಗಿನಿಂದಲೇ ಕೇಳಿದಳು. ಇಳಿದಿವೆ ಅಂದರು.

"ಹಾಂಗಾರೆ ಕಡಲಿಂದು ಸಿಕ್ರೆ ತಕಂಡ್ ಬನ್ನಿ," ಅಂದಳು ಅಕ್ಕ. "ಹೊಳೇದು ಬ್ಯಾಡ."

ಹೊಳೆಯದ್ದನ್ನು ನಾವು ಇವತ್ತಿಗೂ ತರುವುದಿಲ್ಲ.