ಅವರೆಕಾಳಿನ ಮುಂದೆ ಹೇಳಿದ ಪ್ರಮೇಯ

ನನ್ನ ಗೈಡ್ ಒಂದು ವಿಚಿತ್ರ ನಿಯಮ ಮಾಡಿದ್ದರು. ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ನಾವು ಏನೇ ಹೊಸದನ್ನು ಸಾಧಿಸಿದರೂ ಮೊದಲು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಬೇಕು, ಆಮೇಲೆ ಅವರ ಹತ್ತಿರ ಹೋಗಬೇಕು. "ಕೇಳೋರಿಗೆ ಅರ್ಥ ಆಗ್ಲೇಬೇಕು ಅಂತೇನಿಲ್ಲಮ್ಮ. ಹೇಳೋರಿಗೆ ಆಗಿದ್ಯಾ ಅಂತ ಗೊತ್ತಾಗುತ್ತೆ," ಎನ್ನುತ್ತಿದ್ದರು. ಇದರ ಜೊತೆಗೆ, ತಿಂಡಿ ತಿನ್ನದೆ ಬಂದವರ ಪ್ರೂಫನ್ನು ಅವರು ಮುಟ್ಟುತ್ತಲೂ ಇರಲಿಲ್ಲ. ಹಸಿದವರೂ ಅತ್ತವರೂ ಲೆಕ್ಕ ತಪ್ಪುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ.

ಎಪ್ಪತ್ತರ ದಶಕದ ಕೊನೆ ಅದು. ರಾಜಾಜಿನಗರದ ನಮ್ಮ ಮನೆಯಲ್ಲಿ ನನಗೆ ಸಿಗುತ್ತಿದ್ದ ಕಿವಿ ಅತ್ತೆಯದು ಮಾತ್ರ. ಫ್ಯಾಕ್ಟರಿಯಿಂದ ಬರುತ್ತಿದ್ದ ನನ್ನ ಗಂಡ ಎರಡನೇ ಸಮೀಕರಣ ಮುಟ್ಟುವುದರೊಳಗೆ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಹಾಗಲ್ಲ. ಒಂದಕ್ಷರ ತಿಳಿಯದಿದ್ದರೂ ಪುರಾಣ ಕೇಳುವಷ್ಟೇ ಶ್ರದ್ಧೆಯಿಂದ ಕೇಳುತ್ತಿದ್ದರು. "ಓದು ಮುಗಿದ್ಮೇಲೆ ನಿಮ್ಮ ಸೊಸೆ ಇಂಜೆಕ್ಷನ್ ಕೊಡ್ತಾಳಾ?" ಎಂದು ಪಕ್ಕದ ಮನೆಯಾಕೆ ಕೇಳಿದಾಗ, "ನಿಮಗೆ ಬೇಕಿದ್ರೆ ಕೊಡಿಸ್ತೀನಿ," ಎಂದವರು ಅವರೇ.

ಆ ಚಳಿಗಾಲ ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಸೋಮವಾರವೇ ಹೋಗಿ ಸೇರಬೇಕಿತ್ತು. ಅತ್ತೆಗೆ ಬ್ಯಾಂಕೇ ಇಷ್ಟ. "ನಡ್ಕೊಂಡೇ ಹೋಗ್ಬರಬಹುದು ಕಣೇ. ಯೂನಿವರ್ಸಿಟಿಗೆ ಅಂತ ಆ ನಾಗರಬಾವಿ ಕಡೆ ಬಸ್ಸಿಗೆ ಬಿಸಿಲಲ್ಲಿ ನಿಂತೂ ನಿಂತೂ ಹೇಗಾಗಿದೀಯ ನೋಡು." ನಾನೂ ಸೋತಿದ್ದೆ. ತಿಂಗಳುಗಟ್ಟಲೆ ಒಂದೇ ಪ್ರಮೇಯಕ್ಕೆ ತಲೆ ಚಚ್ಚಿಕೊಂಡಿದ್ದೆ. ಅದು ನಿಂತರೆ ಥೀಸಿಸ್, ಬಿದ್ದರೆ ಬ್ಯಾಂಕು ಎಂದು ನಿರ್ಧಾರ ಮಾಡಿಬಿಟ್ಟಿದ್ದೆ. ಶನಿವಾರ ಅದು ನಿಂತಿತು.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಅತ್ತೆಯ ಎದುರು ಕೂತೆ. ಮಾಗಡಿ ರಸ್ತೆಯಲ್ಲಿ ಕೊಂಡ ಅವರೆಕಾಯಿಯನ್ನು ಬಿಡಿಸಿ ನೆನೆಹಾಕಿದ್ದರು. ಇಬ್ಬರೂ ಕಾಳು ಹಿತುಕುತ್ತಾ ಇದ್ದೆವು. ಒತ್ತಿದರೆ ಬೇಳೆ ಚಿಮ್ಮಿ ಬೋಗುಣಿಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲಿ ಉಳಿಯುತ್ತಿತ್ತು. ಗೊತ್ತಿಲ್ಲದ ಒಂದು ಸಂಗತಿಯನ್ನು ಎರಡು ದಾರಿಯಲ್ಲಿ ಅಂದಾಜು ಮಾಡಿ, ಎರಡನ್ನೂ ಸೇರಿಸಿದರೆ ತಪ್ಪು ಕಡಿಮೆಯಾಗುತ್ತದೆ ಎಂದು ವಿವರಿಸಿದೆ. ಅತ್ತೆ ಕೊನೆವರೆಗೂ ಕೇಳಿದರು.

"ಚೆನ್ನಾಗಿದೆ. ಆದ್ರೆ ಆ ಎರಡನೇ ದಾರಿ ಹೇಳ್ವಾಗ ದನಿ ಇಳೀತಲ್ಲ, ಯಾಕೆ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನಿಮಗೆ ನಾನು ಬ್ಯಾಂಕಿಗೆ ಹೋಗ್ಬೇಕು, ಅದಕ್ಕೇ ಹೀಗಂತೀರ," ಎಂದೆ.

"ನಂಗೆ ಲೆಕ್ಕ ಎಲ್ಲಿ ಬರುತ್ತೆ? ಸಾರಿಗೆ ಉಪ್ಪು ಮರೆತು, ಗೊತ್ತಿದ್ದೂ ಬಡಿಸ್ವಾಗ ನೀನು ಹೀಗೇ ಮಾತಾಡ್ತೀಯ. ಅಷ್ಟೇ ನಂಗೆ ಗೊತ್ತು."

ಎದ್ದು ಹೋಗಿ ಕೋಣೆಯ ಬಾಗಿಲು ದಡಾರನೆ ಹಾಕಿಕೊಂಡೆ. ಅವರದ್ದೇ ತಪ್ಪು ಎಂದು ತೋರಿಸುವ ಹಟದಲ್ಲಿ ಆ ಸಾಲಿಗೇ ಮರಳಿದೆ. ಎರಡೂ ಅಂದಾಜು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಬರೆದಿದ್ದೆ. ಆದರೆ ಎರಡನೆಯದು ಹುಟ್ಟಿದ್ದೇ ಮೊದಲನೆಯದರ ಹೊಟ್ಟೆಯಿಂದ. ಒಬ್ಬಳೇ ಸಾಕ್ಷಿಯನ್ನು ಸೀರೆ ಬದಲಿಸಿ ಎರಡು ಸಲ ಕಟಕಟೆ ಹತ್ತಿಸಿದ್ದೆ. ಪ್ರಮೇಯ ಬಿತ್ತು. ಆ ಸಾಲು ಬರೆಯುವಾಗಲೇ ಎಲ್ಲೋ ಚುಚ್ಚಿತ್ತು, ನಾನು ಬೇಗ ಬೇಗ ದಾಟಿಬಿಟ್ಟಿದ್ದೆ.

ಮುಖ ತೊಳೆದುಕೊಂಡು ಹೊರಗೆ ಬಂದೆ. ಬೋಗುಣಿ ಇನ್ನೂ ಅರ್ಧವೇ ತುಂಬಿತ್ತು.

"ನೀವಂದಿದ್ದು ಸರಿ ಅತ್ತೆ, ಅಲ್ಲೇ ತಪ್ಪಿದೆ. ಹೋಗ್ಲಿ ಬಿಡಿ, ನಾಳೆ ಬ್ಯಾಂಕಿಗೇ ಸೇರ್ತೀನಿ. ಒಳ್ಳೇ ಕೆಲಸ, ಹತ್ರ ಬೇರೆ."

ಅವರು ಬಯಸಿದ್ದೇ ಆಗಿತ್ತು. ಖುಷಿಪಡುತ್ತಾರೆ ಎಂದುಕೊಂಡೆ. ಅತ್ತೆ ಒಂದೆರಡು ಕಾಳು ಹಿತುಕಿದರು, ತಲೆ ಎತ್ತಲಿಲ್ಲ.

"ಈಗ್ಲೂ ದನಿ ಇಳೀತಲ್ಲೇ."

ಅಳು ತಡೆಯಲಾಗಲಿಲ್ಲ. ಅವರ ಮೇಲೆ ಅಷ್ಟೊಂದು ಪ್ರೀತಿ ಬಂದದ್ದು ಅದೇ ಮೊದಲು. ಅತ್ತೆ ಕೈ ಒರೆಸಿಕೊಂಡು ಒಳಗಿಂದ ಉಪ್ಪಿಟ್ಟು ತಂದು ಮುಂದಿಟ್ಟರು. "ಮೊದ್ಲು ತಿನ್ನು. ನಿಮ್ಮ ಮೇಷ್ಟ್ರು ಹೇಳಿದಾರಲ್ಲ. ಆಮೇಲೆ ತಪ್ಪಿತಲ್ಲ, ಅಲ್ಲಿಂದ ಶುರು ಮಾಡು."

ಸೋಮವಾರ ಬೆಳಿಗ್ಗೆ ಹಿತಕಬೇಳೆ ಸಾರನ್ನ ಡಬ್ಬಿಗೆ ಹಾಕಿ, ಸ್ಟಾಪಿನವರೆಗೂ ಜೊತೆಗೆ ಬಂದು, ನಾಗರಬಾವಿ ಕಡೆಯ ಬಸ್ಸು ಹತ್ತಿಸಿದವರೂ ಅವರೇ.