ಹೊಳೆಯ ಚಿತ್ರಕ್ಕೆ ಮಾಸ್ತರರು ಹೇಳಿದ ವಯಸ್ಸು

ನಮ್ಮ ಡ್ರಾಯಿಂಗ್ ಮಾಸ್ತರರ ಮೂಗು ಉದ್ದ, ಅದರ ತುದಿಯಲ್ಲಿ ಯಾವಾಗಲೂ ಯಾವುದೋ ಬಣ್ಣ. ಹಳೆಯ ಚಿತ್ರ ಕೈಗೆ ಬಂದರೆ ಅವರು ಮೊದಲು ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ಹಣೆಯ ವಿಭೂತಿ ಚೌಕಟ್ಟಿಗೆ ಅಂಟುವಷ್ಟು ಹತ್ತಿರ ಹೋಗಿ, ಕಣ್ಣು ಮುಚ್ಚಿ, ಒಗ್ಗರಣೆಯ ಘಮ ಹಿಡಿದಂತೆ. ನಿಜಾಮರ ಆಳ್ವಿಕೆಯ ಆ ಕೊನೆಯ ವರ್ಷಗಳಲ್ಲಿ ರಾಯಚೂರಿನ ಸುತ್ತ ಯಾವ ಸಾಹುಕಾರರ ವಾಡೆಯಲ್ಲಿ ಹಳೆಯ ಚಿತ್ರ ಸಿಕ್ಕರೂ ಅದರ ವಯಸ್ಸು ಹೇಳಲು ಅವರೇ ಬೇಕಿತ್ತು. ದಾಕ್ಷಿಣ್ಯ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮನೆತನದ ಹೆಮ್ಮೆಯ ಚಿತ್ರ ತೋರಿಸಿದ ಒಬ್ಬ ಜಾಗೀರದಾರರಿಗೆ, “ಗ್ವಾಡಿ ಬಿರುಕು ಮುಚ್ಚಾಕ ಛಲೋ ಅದರೀ” ಎಂದು ಹೇಳಿ ಚಹಾ ಕುಡಿಯದೆ ಎದ್ದು ಬಂದಿದ್ದರಂತೆ.

ನನ್ನ ಅಪ್ಪ ಅವರ ಶಿಷ್ಯ. ಆಚಾರ್ಯರ ಮನೆಯ ಮಗ ಪೂಜೆ ಬಿಟ್ಟು ಕುಂಚ ಹಿಡಿದನೆಂದು ಅಜ್ಜ ಬೈದರು. ಮಾನ್ವಿಯ ಮನೆ ಬಿಟ್ಟು ಹೋದ ಅಪ್ಪ ತಿರುಗಿ ಬರಲಿಲ್ಲ. ನಾನಾಗ ತೊಟ್ಟಿಲಲ್ಲಿದ್ದೆ. ಹನ್ನೆರಡು ವರ್ಷ ಸುದ್ದಿಯಿಲ್ಲದಿದ್ದರೆ ನಮ್ಮಲ್ಲಿ ಸತ್ತನೆಂದೇ ಲೆಕ್ಕ. ಮುತ್ತುಗದ ಎಲೆಯಲ್ಲಿ ಅವನ ಆಕೃತಿ ಮಾಡಿ ಸುಟ್ಟು ಕರ್ಮ ಮುಗಿಸಬೇಕು. ಆ ಹನ್ನೆರಡು ತುಂಬುತ್ತ ಬಂದಿತ್ತು, ಅಜ್ಜನಿಗೆ ಆಗಲೇ ಕನಸು ಬೀಳುತ್ತಿತ್ತು. ಮಗ ಹೊಸ್ತಿಲಲ್ಲಿ ನಿಂತು ನೀರು ಕೇಳುತ್ತಾನೆ, ಕೊಡಲು ಹೋದರೆ ತಂಬಿಗೆ ಬರಿದು. ಕೊರಗಿ ಕೊರಗಿ ಸೊರಗಿಹೋದ ಅಜ್ಜ ಕರ್ಮಕ್ಕೆ ದಿನ ಗೊತ್ತುಮಾಡಿದರು. ಅದು ಮುಗಿದರೆ ಅವ್ವನ ಕುಂಕುಮ, ಬಳೆ, ತಲೆಗೂದಲು ಎಲ್ಲವೂ ಹೋಗಬೇಕಿತ್ತು. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಅಷ್ಟರಲ್ಲಿ ಅಪ್ಪನ ತಮ್ಮ, ನನ್ನ ಕಾಕಾ, ಅಪ್ಪ ಬರೆಯುತ್ತಿದ್ದಂಥದ್ದೇ ಇದೆಯೆಂದು ದೇವದುರ್ಗದ ವಾಡೆಯೊಂದರಿಂದ ಒಂದು ಚಿತ್ರ ತಂದರು. ಕೃಷ್ಣೆಯ ದಂಡೆ, ಬಂಡೆಗಳು, ಬಾಗಿದ ಒಂದು ಜಾಲಿ, ಆಚೆ ಮಸುಕು ಆಕಾಶ. ಬರೆದವರ ಹೆಸರಿಲ್ಲ, ಮನುಷ್ಯರ ಸುಳಿವೂ ಇಲ್ಲ. ಅವ್ವ ಕಂಡವಳೇ, “ಇದು ಅವರ ಕೈ. ಅವರು ಇನ್ನೂ ಇದ್ದಾರ” ಎಂದಳು. ಮಾವನ ಎದುರು ಅವಳು ಬಾಯಿ ತೆರೆದದ್ದು ಅದೇ ಮೊದಲು. ಅಜ್ಜ ಮಾಸ್ತರರಿಗೆ ಹೇಳಿಕಳಿಸಿದರು. ಚಿತ್ರ ಹೊಸದಾದರೆ ಮಗ ಬದುಕಿದ್ದಾನೆ, ಹಳೆಯದಾದರೆ ಕರ್ಮ ನಡೆಯಲಿ.

ಮಾಸ್ತರರು ಚಿತ್ರವನ್ನು ಅಂಗಳದ ಬಿಸಿಲಿಗೆ ತಂದರು. ಮೂಸಿದರು. ಹಿಂದೆ ತಿರುವಿ ಬಟ್ಟೆಯ ಅಂಚನ್ನು ಉಗುರಿನಿಂದ ಒತ್ತಿದರು. ಅದು ಪುಡಿಯಾಗಿ ಉದುರಿತು. ಆಮೇಲೆ ತಲೆ ಎತ್ತಿದರು. ಒಳಬಾಗಿಲ ಮರೆಯಲ್ಲಿ ನಿಂತ ಅವ್ವ ಕಾಣುತ್ತಿರಲಿಲ್ಲ. ಬಾಗಿಲನ್ನು ಹಿಡಿದ ಹಸಿರು ಬಳೆಯ ಕೈ ಮಾತ್ರ ಕಾಣುತ್ತಿತ್ತು.

“ಕೈ ನನ್ನ ಶಿಷ್ಯಂದೇರಿ,” ಎಂದರು. “ಎಣ್ಣಿ ವಾಸನಿ ಇನ್ನಾ ಹೋಗಿಲ್ಲ. ಬರದು ಭಾಳ ದಿನಾ ಆಗಿಲ್ಲ.”

“ಆಣಿ ಮಾಡಿ ಹೇಳ್ತೀರೇನು, ಮಾಸ್ತರ್ರೇ?” ಎಂದರು ಅಜ್ಜ.

ಅವರು ಅಂಗಿಯೊಳಗೆ ಕೈ ಹಾಕಿ ಕೊರಳ ಲಿಂಗ ಹಿಡಿದರು. “ಇದರಾಣಿ.”

ಕರ್ಮ ನಿಂತಿತು. ಅಜ್ಜನ ಕನಸೂ ನಿಂತಿತು, ಮುಂದೆ ಅವರು ನೆಮ್ಮದಿಯಾಗಿಯೇ ತೀರಿಕೊಂಡರು. ಅವ್ವ ಚಿತ್ರವನ್ನು ತನ್ನ ಕೋಣೆಯಲ್ಲಿ ತೂಗುಹಾಕಿ, ಆ ದಂಡೆಯಲ್ಲಿ ಯಾರಾದರೂ ಬಂದಾರೆಂಬಂತೆ ನೋಡುತ್ತಾ ನಿಲ್ಲುತ್ತಿದ್ದಳು. ನಾನು ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತ ಗಂಡಸರ ಬೆರಳುಗಳಲ್ಲಿ ಬಣ್ಣ ಹುಡುಕುತ್ತಾ ಬೆಳೆದೆ.

ಮುಂದೆ ಓದಲು ರಾಯಚೂರಿಗೆ ಹೋದಾಗ ಮಾಸ್ತರರ ಹತ್ತಿರವೇ ಚಿತ್ರ ಕಲಿತೆ. ಬೈಯುತ್ತಲೇ ಕಲಿಸಿದರು. “ಆಕಾಶಕ್ಕ ಅಷ್ಟು ನೀಲಿ ಯಾಕವ್ವಾ? ನಮ್ಮೂರಾಗ ಎಂದರ ಕಂಡೀಯೇನು?” ಅಮಾವಾಸ್ಯೆ ಬಂತೆಂದರೆ ಊರಲ್ಲಿ ಇರುತ್ತಿರಲಿಲ್ಲ, ಗಬ್ಬೂರಿನ ಮೇಲೆ ಹೋಗುವ ದೇವದುರ್ಗದ ಬಸ್ಸು ಹತ್ತುತ್ತಿದ್ದರು. ಅಪ್ಪನನ್ನು ಹುಡುಕಲು ಹೋಗುತ್ತಾರೆಂದು ನಂಬಿ ಒಮ್ಮೆ ಹಟ ಹಿಡಿದು ಜೊತೆಗೆ ಹೋದೆ.

ಅವರು ಕೃಷ್ಣಾ ಹೊಳೆಗಿಳಿದು ಮೊಣಕಾಲು ನೀರಿನಲ್ಲಿ ನಿಂತರು. ಅಪ್ಪನ ಹೆಸರು ಹೇಳಿದರು, ನಮ್ಮ ಗೋತ್ರ ಹೇಳಿದರು, ಬೊಗಸೆಯಿಂದ ನೀರು ಬಿಟ್ಟರು. ಶ್ರಾದ್ಧ, ತರ್ಪಣಗಳ ಗೊಡವೆಯೇ ಇಲ್ಲದ ಲಿಂಗಾಯತರು ಅವರು.

“ಮಾಸ್ತರ್ರೇ, ಇದು ಸತ್ತವರಿಗೆ ಕೊಡೋದಲ್ಲೇನ್ರಿ?”

ಅವರು ತಿರುಗಲಿಲ್ಲ. “ಆ ಚಿತ್ರಾ ನಿಮ್ಮಜ್ಜ ಹುಟ್ಟೂಕಿಂತ ಮೊದಲಿಂದವ್ವಾ. ಯಾರು ಬರದಾರೋ ನನಗೂ ತಿಳೀಲಿಲ್ಲ. ನಿಮ್ಮವ್ವನ ಕೈ ಕಂಡ್ತು, ಬಾಯಿಗೆ ಬ್ಯಾರೆ ಮಾತು ಬಂತು.”

“ಹಂಗಾದ್ರ ಅಪ್ಪ?”

“ಅದಾನೋ ಇಲ್ಲೋ ದೇವರಿಗೇ ಗೊತ್ತು. ಆದರ ನಿಮ್ಮಜ್ಜನ ಬಿಟ್ಟು ಈಗ ನನ್ನ ಹೊಸ್ತಿಲಿಗೆ ಬರ್ತಾನ. ನೀರು ಕೇಳ್ತಾನ. ಕೊಡೋರನ್ನ ತಡದವ ನಾನು, ನಾನೇ ಕೊಡಬೇಕು. ಮಂತ್ರಾ ಬರಂಗಿಲ್ಲ. ಬಂದಷ್ಟು ಕೊಡಾಕತ್ತೀನಿ.”

ತಿರುಗಿ ಬರುವಾಗ ಬಸ್ಸಿನಲ್ಲಿ ಅವರ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತೆ. ಇಲ್ಲದ ಅಪ್ಪನಿಗಾಗಿ ಇಷ್ಟು ವರ್ಷ ಕಾಯಿಸಿದರೆಂದು ಸಿಟ್ಟು ಬಂದಿತ್ತು. ರಜೆಗೆ ಮಾನ್ವಿಗೆ ಹೋದಾಗ ಅವ್ವ ಕನ್ನಡಿಯ ಮುಂದೆ ಕೂತು ಹೆರಳು ಹಾಕಿಕೊಳ್ಳುವುದನ್ನು ಕಂಡೆ. ಸಿಟ್ಟು ಎಲ್ಲಿ ಹೋಯಿತೋ. ಅವಳಿಗೆ ಏನೂ ಹೇಳಲಿಲ್ಲ.

ಮಾಸ್ತರರು ಆಮೇಲೆ ಬಹಳ ದಿನ ಬಾಳಲಿಲ್ಲ. ಕೊನೆಗೆ ನೋಡಲು ಹೋದಾಗ ಅವರ ಕಣ್ಣು ಬಾಗಿಲ ಕಡೆಗೇ ಇತ್ತು. “ಬಂದಾನ. ತಂಬಿಗಿ ಕೊಡವ್ವಾ” ಎಂದರು. ಅಲ್ಲಿ ಯಾರೂ ಇರಲಿಲ್ಲ. ತುಂಬಿದ ತಂಬಿಗೆಯನ್ನು ಹೊಸ್ತಿಲಲ್ಲಿ ಇಟ್ಟು ಬಂದೆ.

ಅವ್ವ ತುಂಬ ವರ್ಷ ಬಾಳಿ ಮುತ್ತೈದೆಯಾಗಿಯೇ ಹೋದಳು. ಹಸಿರು ಸೀರೆ ಉಡಿಸಿ ಉಡಿ ತುಂಬುವಾಗ ಓಣಿಯ ಹೆಂಗಸರೆಲ್ಲ ‘ಪುಣ್ಯವಂತಿ’ ಎಂದು ಕಣ್ಣೊರೆಸಿಕೊಂಡರು. ನಾನು ಅವಳ ಹಣೆಗೆ ಕುಂಕುಮ ಇಡುತ್ತಾ ಮಾಸ್ತರರನ್ನು ನೆನೆದೆ. ಲಿಂಗ ಹಿಡಿದು ಸುಳ್ಳು ಹೇಳಿದ ಪಾಪ ಏನಿದ್ದರೂ ಅವರಿಗೆ ತಟ್ಟದಿರಲಿ, ನನಗೆ ಬರಲಿ ಎಂದು ಬೇಡಿಕೊಂಡೆ.