ಕಿಟಕಿಯಾಚೆಯಿಂದ ತೆಗೆದ ಫೋಟೊ

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಶನಿವಾರ ಶಿಕಾರಿಪುರದ ಒಂದು ಖಾಸಗಿ ಪ್ರೌಢಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಶಿಕ್ಷಕರಿಗಾಗಿ ಒತ್ತಡ ನಿವಾರಣೆಯ ಶಿಬಿರ ನಡೆಯಿತು. ಶಿವಮೊಗ್ಗದಿಂದ ಬಂದಿದ್ದ ಆಪ್ತ ಸಮಾಲೋಚಕರು ಶಿಕ್ಷಕರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಮಾತನಾಡಿಸಿದರು. ಊಟದ ಹೊತ್ತಿಗೆ, ಅಲ್ಲಿ ಕೂತು ಅಳುತ್ತಿದ್ದ ಒಬ್ಬ ಶಿಕ್ಷಕಿಯ ಫೋಟೊ ಹತ್ತನೇ ತರಗತಿಯ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ಆ ಶಿಕ್ಷಕಿ ನನ್ನ ಹೆಂಡತಿ.

ನಾನು ಈ ತಾಲ್ಲೂಕಿನಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವವನು. ನಾನು ಕಂಡದ್ದು, ಅವಳು ನನಗೆ ಹೇಳಿದ್ದು, ಸಂಬಂಧಪಟ್ಟವರು ನನ್ನೆದುರು ಆಡಿದ್ದು, ಇಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಅವಳು ಗಣಿತ ಪಾಠ ಮಾಡುತ್ತಿದ್ದಳು. ಎಂಟನೇ ತರಗತಿಯಲ್ಲಿ ಕೈಗೆ ಬಂದ ಮಕ್ಕಳನ್ನು ಹತ್ತನೆಯ ತರಗತಿ ದಾಟಿಸುವತನಕ ಬಿಡುವುದಿಲ್ಲ, ಅದು ಅವಳ ಪದ್ಧತಿ. ಬೆಳಗ್ಗೆ ಬೆಲ್ಲಿಗೆ ಮುಂಚೆ ಒಂದು ವಿಶೇಷ ತರಗತಿ, ಸಂಜೆ ಬೆಲ್ ಹೊಡೆದ ಮೇಲೆ ಇನ್ನೊಂದು. ಬೇಸಿಗೆ ರಜೆಯಲ್ಲಿ ಬಿಸಿಲಿನಲ್ಲಿ ತೊಗರ್ಸಿ, ಬಂದಳಿಕೆ ಕಡೆಯ ಹಳ್ಳಿಗಳಿಗೆ ಹೋಗಿ, ಮನೆ ಮನೆ ಕಟ್ಟೆಯ ಮೇಲೆ ಕೂತು ‘ನಿಮ್ಮ ಮಗಳನ್ನ ನಮ್ಮ ಶಾಲೆಗೆ ಹಾಕ್ರಿ’ ಎಂದು ಕೇಳಬೇಕು. ಯಾವ ಶಿಕ್ಷಕರು ಹೆಚ್ಚು ಮಕ್ಕಳನ್ನು ತರುತ್ತಾರೋ ಅವರಿಗೆ ಗಣರಾಜ್ಯೋತ್ಸವದ ದಿನ ಶಾಲು. ತರದವರ ಹೆಸರನ್ನು ಸಭೆಯಲ್ಲಿ ಓದುತ್ತಾರೆ. ಇದು ಈ ಭಾಗದ ಖಾಸಗಿ ಶಾಲೆಗಳಲ್ಲಿ ಹೊಸದಲ್ಲ.

ಶಿಬಿರಕ್ಕೆ ಹಿಂದಿನ ಮಳೆಗಾಲದಿಂದ ಅವಳಿಗೆ ಆರಾಮಿರಲಿಲ್ಲ. ಬೆಳಗ್ಗೆ ಸೀರೆ ಉಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಲು ಬಗ್ಗಿದವಳು ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದಳು. ಏನಾಯಿತು ಎಂದರೆ ‘ಏನಿಲ್ಲ, ಹೊರಟೆ’ ಎನ್ನುತ್ತಿದ್ದಳು, ಏಳುತ್ತಿರಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ಪ್ರಮೇಯವೊಂದನ್ನು ಅರ್ಧ ಬರೆದು ಮುಂದಿನ ಸಾಲು ನೆನಪಾಗದೆ, ಮಕ್ಕಳ ಕಡೆ ಬೆನ್ನು ಮಾಡಿಕೊಂಡೇ ಬೆಲ್ ಹೊಡೆಯುವವರೆಗೆ ನಿಂತಿದ್ದಳಂತೆ. ಆ ವಾರ ನಾವು ಶಿವಮೊಗ್ಗಕ್ಕೆ ಹೋಗಿ ಮನೋವೈದ್ಯರನ್ನು ಕಂಡೆವು. ಅವರು ಮಾತ್ರೆ ಕೊಟ್ಟರು. ಮೂರು ತಿಂಗಳು ರಜೆ ಹಾಕಿದರೆ ಒಳ್ಳೆಯದು ಎಂದರು.

‘ಈ ಬ್ಯಾಚ್ ಹತ್ತನೇ ಕ್ಲಾಸ್ ದಾಟ್ಲಿ ಡಾಕ್ಟ್ರೇ. ಪರೀಕ್ಷೆ ಮುಗ್ದ ಮೇಲೆ ಹಾಕ್ತೀನಿ,’ ಎಂದಳು.

ಮಾತ್ರೆಯನ್ನು ಅವಳು ಶಿಕಾರಿಪುರದಲ್ಲಿ ಕೊಳ್ಳುತ್ತಿರಲಿಲ್ಲ. ಮೆಡಿಕಲ್ ಶಾಪಿನವರ ಮಗಳು ಅವಳ ತರಗತಿಯಲ್ಲೇ ಇದ್ದಳು. ಶಿವಮೊಗ್ಗದಿಂದಲೇ ತಂದು, ವಿಟಮಿನ್ ಡಬ್ಬಿಗೆ ಸುರಿದು ಇಟ್ಟುಕೊಳ್ಳುತ್ತಿದ್ದಳು. ನಾಲ್ಕು ತಿಂಗಳಿಗೆ ಹೊಸ್ತಿಲ ಮೇಲೆ ಕೂರುವುದು ನಿಂತಿತು. ಪಾಠ ಮೊದಲಿನಂತೆ ಸಾಗಿತ್ತು.

ಶಿಬಿರದ ಹಿಂದಿನ ಸಂಜೆ ಅವಳು ಹುರುಳಿಕಾಯಿ ನಾರು ತೆಗೆಯುತ್ತ ಕೇಳಿದಳು: ‘ರೀ, ನಾಳೆ ಅವ್ರ ಹತ್ರ ಏನ್ ಹೇಳ್ಲಿ?’

‘ಚೆನ್ನಾಗಿದೀನಿ ಅನ್ನು.’

‘ನಿಮ್ ಪೇಪರ್ನವ್ರ ಬುದ್ಧಿ. ಎಲ್ರೂ ಚೆನ್ನಾಗಿದೀನಿ ಅಂದ್ರೆ ಅವ್ರು ಅಷ್ಟು ದೂರದಿಂದ ಯಾಕ್ ಬರ್ಬೇಕು? ಒಳಗೆ ಆಡಿದ್ದು ಒಳಗೇ ಇರುತ್ತೆ ಅಂತ ಹೆಡ್‌ಮಾಸ್ಟ್ರೇ ಹೇಳ್ಯಾರೆ.’



ಆ ಶಾಲೆಯಲ್ಲಿ ಒಂದು ರೂಢಿಯಿದೆ. ಏನೇ ನಡೆದರೂ ಅದರ ಫೋಟೊ ಅಂದೇ ಪೋಷಕರ ಗುಂಪುಗಳಿಗೆ ಹೋಗಬೇಕು. ಗಿಡ ನೆಟ್ಟರೆ ಫೋಟೊ, ಕೈ ತೊಳೆದರೆ ಫೋಟೊ, ಹುಳದ ಮಾತ್ರೆ ನುಂಗಿಸಿದರೆ ಬಾಯಿ ತೆರೆಸಿ ಫೋಟೊ. ಫೋಟೊ ಇಲ್ಲದ ಕಾರ್ಯಕ್ರಮ ನಡೆದೇ ಇಲ್ಲ ಎಂಬುದು ಸಂಸ್ಥೆಯ ಕಾರ್ಯದರ್ಶಿಗಳ ಮಾತು. ಅವರಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿಯಿದೆ. ಫೋಟೊ ತೆಗೆದು ಹಾಕುವ ಕೆಲಸ ಪಿ.ಟಿ. ಮೇಷ್ಟ್ರದು. ಅಂದು ಪ್ರಯೋಗಾಲಯದ ಬಾಗಿಲು ಮುಚ್ಚಿತ್ತು. ಅವರು ಹೊರಗಿನಿಂದ ಸುತ್ತಿ ಹೋಗಿ, ಕಿಟಕಿಯ ಸರಳುಗಳ ನಡುವೆ ಮೊಬೈಲ್ ತೂರಿಸಿ, ಒಳಗೆ ಹೋದ ಪ್ರತಿಯೊಬ್ಬರದೂ ತೆಗೆದರು. ಉಳಿದವರೆಲ್ಲ ಕೈ ಕಟ್ಟಿ ಕೂತಿದ್ದರು. ಇವಳೊಬ್ಬಳು ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳು. ಸಮಾಲೋಚಕರು ನೀರಿನ ಲೋಟ ಮುಂದೆ ಚಾಚಿದ್ದರು. ಹಿಂದೆ ಗಾಜಿನ ಕಪಾಟಿನಲ್ಲಿ ಆಸಿಡ್ ಸೀಸೆಗಳು ಕಾಣುತ್ತಿದ್ದವು. ಹಾಕಲು ಅವರು ಆರಿಸಿದ್ದು ಇದನ್ನೇ. ಕೆಳಗೆ ಒಂದು ಸಾಲು: ‘ನಮ್ಮ ಶಿಕ್ಷಕರ ಮನಸ್ಸಿನ ಆರೋಗ್ಯ, ನಮ್ಮ ಹೊಣೆ.’ ಅದರ ಮುಂದೆ ಮುಗಿದ ಕೈಗಳು, ಒಂದು ಹೂವು.

ಪತ್ರಿಕಾ ಪ್ರಕಟಣೆ ನನಗೂ ಬಂತು, ಅದೇ ಫೋಟೊ ಸಮೇತ. ಸುದ್ದಿ ನಾಲ್ಕು ಸಾಲು ಹೋಯಿತು, ಫೋಟೊ ಹೋಗಲಿಲ್ಲ. ಅಷ್ಟರಲ್ಲಿ ಅದನ್ನು ನೋಡಬೇಕಾದವರೆಲ್ಲ ನೋಡಿಯಾಗಿತ್ತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಷ್ಟ್ರು ಅವಳಿಗೆ ಹೇಳಿದರಂತೆ: ‘ಮೇಡಂ, ನಿಮ್ದು ಭಾರೀ ನ್ಯಾಚುರಲ್ ಬಂದೈತ್ರಿ. ಸೀರಿಯಲ್‌ನಾಗೆ ಅಳೋರಿಗೂ ಹಂಗೆ ಬರಂಗಿಲ್ಲ.’

‘ತೆಗೀರಿ ಸರ್ ಅದನ್ನ.’

‘ಈಗ ತೆಗದ್ರೆ ಇನ್ನೂ ನೋಡ್ತಾರ್ರೀ. ಡಿಲೀಟ್ ಅಂತ ಬಂದ್ರೆ ಸಾಕು, ಏನಿತ್ತು ಏನಿತ್ತು ಅಂತ ಎಲ್ರೂ ಕೇಳ್ತಾರೆ. ಬಿಡ್ರಿ, ಕೆಳಗೆ ಹೋಗ್ಲಿ.’

ಅದು ಕೆಳಗೆ ಹೋಗಲಿಲ್ಲ. ಶಿಬಿರದ ದಿನ ಊಟಕ್ಕೆ ಕೂತಾಗ ಕಾರ್ಯದರ್ಶಿಗಳು ಸಮಾಲೋಚಕರನ್ನು, ‘ಯಾರಿಗೆ ಏನೈತಿ ಅಂತ ನಮಗೂ ಸ್ವಲ್ಪ ಹೇಳ್ರಿ, ನಾವು ನೋಡ್ಕಬೇಕಲ್ಲ,’ ಎಂದು ಕೇಳಿದ್ದರು. ಸಮಾಲೋಚಕರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಉಳಿದವರೆಲ್ಲ ಆರಾಮಿದ್ದಾರೆ, ಗಣಿತದ ಮೇಡಂ ಮಾತ್ರೆಯಲ್ಲಿದ್ದಾರೆ ಎಂದಿದ್ದರು. ತುಪ್ಪ ಬಡಿಸುತ್ತಿದ್ದವರು ಪಿ.ಟಿ. ಮೇಷ್ಟ್ರು. ಇದನ್ನು ಮುಂದೆ ಅವರೇ ನನಗೆ ಹೇಳಿದರು, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ, ಮುಚ್ಚಿಡುವಂಥದ್ದೇನೂ ಇಲ್ಲವೆಂಬಂತೆ.

ಆ ವಾರದ ಸಂತೆಯಲ್ಲಿ ನಾನೂ ಅವಳ ಜೊತೆ ಇದ್ದೆ. ಬದನೆಕಾಯಿ ಆರಿಸುತ್ತಿದ್ದ ಒಬ್ಬ ತಾಯಿ ಇವಳನ್ನು ನೋಡಿ ಎದ್ದು ನಿಂತರು. ಅವರ ಮಗಳು ಹತ್ತನೇ ತರಗತಿ.

‘ಮೇಡಂ, ಆರಾಮದೀರಾ?’

‘ಆರಾಮ್ರೀ.’

‘ಫೋಟೊ ನೋಡಿದ್ವಿ. ಕರುಳು ಚುರುಕ್ ಅಂತು. ನಮ್ಮ ಮನ್ಯಾಗೆ ಎರಡು ದಿನ ನಿಮ್ದೇ ಮಾತು.’ ಅವರು ಬದನೆಕಾಯಿಯ ತೊಟ್ಟು ಮುರಿದು ನೋಡಿದರು. ‘ತಪ್ಪು ತಿಳ್ಕಬ್ಯಾಡ್ರಿ. ಮಗಳ ವರ್ಷ ಐತಿ. ಗುಳಿಗಿ ತಗಂಡು ಲೆಕ್ಕ ಹೇಳ್ಕೊಟ್ರೆ ಲೆಕ್ಕ ಸರಿ ಬರ್ತಾವೇನ್ರಿ?’

ಹೆಂಡತಿ ನಕ್ಕಳು. ‘ಮೊನ್ನೆ ಟೆಸ್ಟಿನಾಗೆ ನಿಮ್ಮ ಮಗಳಿಗೆ ಎಷ್ಟು ಬಂತ್ರೀ?’

‘ಭಾಳ ಚಲೋ ಬಂದಾವ್ರಿ. ಅದಕ್ಕೇ ಹೆದರಿಕಿ.’

ಹದಿನೈದು ದಿನದೊಳಗೆ ಕಾರ್ಯದರ್ಶಿಗಳು ಕರೆಸಿದರು. ಗಂಡನೂ ಬರಲಿ ಎಂದಿದ್ದರಿಂದ ನಾನೂ ಹೋದೆ. ಗೊಬ್ಬರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ, ಚಹಾ ತರಿಸಿ, ಆಮೇಲೆ ಮಾತು ತೆಗೆದರು.

‘ನಿಮ್ಮ ಮ್ಯಾಲೆ ನಮಗೇನು ಸಿಟ್ಟಿಲ್ಲ ತಂಗಿ. ನಿಮ್ಮ ಒಳ್ಳೇದಕ್ಕೇ ಹೇಳೋದು. ಹತ್ತನೇ ಕ್ಲಾಸು ಅಂದ್ರೆ ಭಾರ. ಸೊರಬದಾಗೆ ನಮ್ದೇ ನರ್ಸರಿ ಐತಲ್ಲ, ಅಲ್ಲಿ ಸಣ್ಣ ಮಕ್ಕಳ ಜೊತೆ ಒಂದೀಟು ಹಾಡ್ಕಂತ, ಕುಣ್ಕಂತ ಇರ್ರಿ. ಮನಸ್ಸು ಹಗುರಾಗುತ್ತೆ.’

‘ಸರ್, ಪರೀಕ್ಷೆ ತನಕ ಇದೊಂದು ಕ್ಲಾಸು ಬಿಟ್ಕೊಡಿ. ಬೇರೆ ಎಲ್ಲಾ ತಗೊಳ್ಳಿ. ಎಂಟನೇ ಕ್ಲಾಸಿಂದ ನಾನೇ ತಂದ ಮಕ್ಕಳು ಅವು.’

‘ಅದೇ ನೋಡ್ರಿ. ಇಷ್ಟು ಹಚ್ಕಂಡಿದ್ದಕ್ಕೇ ಹಿಂಗಾಗೈತಿ.’

‘ಪಾಠದಾಗೆ ಏನಾದ್ರೂ ತಪ್ಪಾಗೈತಾ ಸರ್?’

‘ಇಲ್ಲ, ಇಲ್ಲ. ಪಾಠಕ್ಕೆ ಯಾರೂ ಹೆಸರಿಡಂಗಿಲ್ಲ. ಆದ್ರೆ ಪೋಷಕರಿಗೆ ಗೊತ್ತಾಗಿಬಿಟ್ಟೈತಲ್ಲ.’

ಗೊತ್ತು ಮಾಡಿಸಿದವರು ಯಾರು ಎಂದು ನಾನು ಕೇಳಿದೆ. ಅವರು ನನ್ನ ಕಡೆ ತಿರುಗಿ, ‘ನೀವು ಪೇಪರ್ನೋರು, ನಿಮಗೆ ನಾನು ಹೇಳ್ಬೇಕೇನ್ರಿ? ಸುದ್ದಿ ಯಾರಪ್ಪಂದು?’ ಎಂದು ನಕ್ಕರು. ಪರೀಕ್ಷೆಯ ಫಲಿತಾಂಶ ಬಂದಾಗ ಆ ಸಂಸ್ಥೆ ನಮ್ಮ ಪತ್ರಿಕೆಗೆ ಅರ್ಧ ಪುಟದ ಜಾಹೀರಾತು ಕೊಡುತ್ತದೆ. ಈ ವರ್ಗಾವಣೆ ಸುದ್ದಿಯಾಗಲಿಲ್ಲ.

ಏಳುವಾಗ ಅವರು ಒಂದು ದಾರಿ ತೋರಿಸಿದರು. ಏನೂ ತೊಂದರೆಯಿಲ್ಲ ಎಂದು ಡಾಕ್ಟರಿಂದ ಬರೆಸಿಕೊಂಡು ಬಂದರೆ ಯೋಚನೆ ಮಾಡಬಹುದು. ಮರುದಿನವೇ ನಾವು ಶಿವಮೊಗ್ಗಕ್ಕೆ ಹೋದೆವು. ಚಿಕಿತ್ಸೆ ಕೊಡುತ್ತಿರುವಾಗ ಏನೂ ಇಲ್ಲ ಎಂದು ಹೇಗೆ ಬರೆಯಲಿ ಎಂದರು ಡಾಕ್ಟರು. ಈಕೆ ಪಾಠ ಮಾಡಲು ಸಂಪೂರ್ಣ ಸಮರ್ಥರು, ಮಾಡುವುದೇ ಇವರಿಗೆ ಒಳ್ಳೆಯದು ಎಂದು ಬರೆದು ಸಹಿ ಹಾಕಿದರು. ಕಾರ್ಯದರ್ಶಿಗಳು ಅದನ್ನು ತೆಗೆದುಕೊಂಡು ಮೇಲಿನ ಸಾಲು ಓದಿದರು. ಅಲ್ಲಿ ಡಾಕ್ಟರ ಹೆಸರಿನ ಕೆಳಗೆ ‘ಮನೋರೋಗ ತಜ್ಞರು’ ಎಂದಿತ್ತು. ಮುಂದೆ ಓದಲಿಲ್ಲ.

‘ಇದನ್ನ ಹಿಡ್ಕಂಡು ನಾನು ಯಾರಿಗೆ ತೋರಿಸ್ಲಿ ತಂಗಿ? ಬೇರೆ ಯಾರ್ದಾದ್ರೂ ತಗಂಡು ಬರ್ರಿ. ಕಣ್ಣಿನ ಡಾಕ್ಟ್ರಾದ್ರೂ ಆಗ್ಲಿ.’

ಸೆಪ್ಟೆಂಬರಿನಿಂದ ಅವಳು ಸೊರಬಕ್ಕೆ ಹೋಗತೊಡಗಿದಳು. ಶಿರಾಳಕೊಪ್ಪದಲ್ಲಿ ಬಸ್ ಬದಲಿಸಬೇಕು. ನರ್ಸರಿಯ ಆಯಾ ಸೊರಬದವರು. ಮೊದಲ ದಿನವೇ ಮಕ್ಕಳ ಮೂಗು ಒರೆಸುತ್ತ ಕೇಳಿದರಂತೆ: ‘ಎಂತ ಮೇಡಂ, ಅಲ್ಲಿ ನಿಮ್ಗೆ ತಲೆ ಕೆಟ್ಟಿತ್ತಂತೆ ಹೌದಾ?’

‘ಯಾರು ಹೇಳಿದ್ರು?’

‘ಫೋಟೊ ಬಂದಿತ್ತಲ್ದಾ, ನಮ್ಮ ಗ್ರೂಪಿಗೂ. ಇಲ್ಲಿ ಆರಾಮ್ ಇರಿ ಮಾರಾಯ್ರೆ, ಇಲ್ಲಿ ಯಾರೂ ನಿಮ್ಮನ್ನ ಲೆಕ್ಕ ಕೇಳಲ್ಲ.’

ಆಯಾ ಇದನ್ನು ಸಮಾಧಾನಕ್ಕೆ ಹೇಳಿದ್ದು ಎಂದು ಹೆಂಡತಿ ಎರಡು ಸಲ ಒತ್ತಿ ಹೇಳಿದಳು. ಚಳಿಗಾಲ ಬರುವಷ್ಟರಲ್ಲಿ ಅವಳು ಮತ್ತೆ ಹೊಸ್ತಿಲ ಮೇಲೆ ಕೂರತೊಡಗಿದ್ದಳು. ಡಾಕ್ಟರು ಮಾತ್ರೆ ಹೆಚ್ಚಿಸಿದರು.

ಫೆಬ್ರುವರಿಯಲ್ಲಿ ಹತ್ತನೇ ತರಗತಿಯ ಬೀಳ್ಕೊಡುಗೆ. ಮಕ್ಕಳು ಅವಳನ್ನು ಕರೆಯಬೇಕೆಂದು ಹೆಡ್‌ಮಾಸ್ಟ್ರನ್ನು ಕೇಳಿದ್ದರು. ಹೆಡ್‌ಮಾಸ್ಟ್ರು ಫೋನ್ ಮಾಡಿ, ‘ಬಂದು ಅತ್ರೆ ಮತ್ತೆ ಫೋಟೊ ಆಗುತ್ರಿ ಮೇಡಂ, ಯಾಕೆ ಬೇಕು,’ ಎಂದರು. ಅವಳು ಹೋಗಲಿಲ್ಲ.

ಅವಳ ಗಣಿತದ ಅವಧಿಗಳನ್ನು ವಿಜ್ಞಾನದ ಮೇಷ್ಟ್ರಿಗೆ ಹಾಕಿದ್ದರು. ಮೂರು ತರಗತಿಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡನ್ನೂ ಮಾಡುತ್ತಿದ್ದವರು ಅವರು. ಇದನ್ನು ಅವರು ಕೇಳಿ ಪಡೆದದ್ದಲ್ಲ. ಫಲಿತಾಂಶ ಬಂದಾಗ ಗಣಿತದಲ್ಲಿ ಹಿಂದಿನ ವರ್ಷಕ್ಕಿಂತ ಹೆಚ್ಚು ಮಕ್ಕಳು ಫೇಲಾಗಿದ್ದರು. ಸಂತೆಯಲ್ಲಿ ಸಿಕ್ಕಿದ್ದ ತಾಯಿಯ ಮಗಳೂ ಅವರಲ್ಲಿ ಒಬ್ಬಳು. ಪೋಷಕರ ಸಭೆಯಲ್ಲಿ ವಿಜ್ಞಾನದ ಮೇಷ್ಟ್ರನ್ನು ಎಲ್ಲರೆದುರು ನಿಲ್ಲಿಸಿ ಕಾರಣ ಕೇಳಿದರು. ಆ ತಾಯಿ ಎದ್ದು, ‘ಗುಳಿಗಿ ಮೇಡಮ್ಮೇ ವಾಸಿ ಇದ್ರಲ್ರೀ,’ ಎಂದರಂತೆ. ಸಭೆ ನಕ್ಕಿತು. ಸಭೆಯ ಫೋಟೊ ಗುಂಪಿಗೆ ಬಂತು, ಮೇಷ್ಟ್ರು ನಿಂತಿರುವುದು ಅದರಲ್ಲಿದೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಂದು ಸಂಜೆ ವಿಜ್ಞಾನದ ಮೇಷ್ಟ್ರು ನಮ್ಮ ಮನೆಗೆ ಬಂದರು. ಕಾಫಿ ಕುಡಿದರು. ಮಳೆಯ ಮಾತು, ಪಠ್ಯಪುಸ್ತಕ ಬಾರದ ಮಾತು ಆಯಿತು. ಹೊರಡಲು ಎದ್ದು, ಚಪ್ಪಲಿ ಹುಡುಕುವವರ ಹಾಗೆ ತಲೆ ತಗ್ಗಿಸಿ ಕೇಳಿದರು:

‘ಮೇಡಂ, ಶಿವಮೊಗ್ಗದಾಗೆ ಆ ಡಾಕ್ಟ್ರು ಯಾವ್ಯಾವ ದಿನ ಸಿಗ್ತಾರ್ರೀ? ನನಗಲ್ಲ, ನಮ್ಮ ಕಡೇರೊಬ್ರಿಗೆ.’

‘ಶನಿವಾರ ಮಧ್ಯಾಹ್ನ ಇರ್ತಾರೆ ಸರ್,’ ಎಂದಳು. ‘ನಿಮ್ಮ ಕಡೇರಿಗೆ ಹೇಳಿ, ಮಾತ್ರೆ ಅಲ್ಲೇ ತಗೊಳ್ಳೋಕೆ.’

ಈ ಆಗಸ್ಟ್‌ನಲ್ಲಿ, ಶನಿವಾರವೇ, ಶಿಬಿರದ ಎರಡನೇ ವರ್ಷ. ಅದೇ ಪ್ರಯೋಗಾಲಯ, ಅದೇ ಸಮಾಲೋಚಕರು. ಸೊರಬದ ನರ್ಸರಿಯ ಶಿಕ್ಷಕಿಯರನ್ನೂ ಕರೆಸಿದ್ದರು. ಅವಳೂ ಹೋದಳು. ಒಳಗೆ ಹೋದವರು ಹೋದಷ್ಟೇ ಬೇಗ ಹೊರಗೆ ಬರುತ್ತಿದ್ದರು. ಸಮಾಲೋಚಕರು ಅವಳನ್ನು ಈಗ ಹೇಗಿದ್ದೀರಿ ಎಂದು ಕೇಳಿದರು. ‘ಚೆನ್ನಾಗಿದೀನಿ ಸರ್,’ ಎಂದಳು. ವಿಜ್ಞಾನದ ಮೇಷ್ಟ್ರೂ ಅದನ್ನೇ ಹೇಳಿದರು. ಊಟಕ್ಕೆ ಇನ್ನೂ ಹೊತ್ತಿರುವಾಗಲೇ ಎಲ್ಲರದೂ ಮುಗಿಯಿತು. ಕಾರ್ಯದರ್ಶಿಗಳು, ‘ನೋಡ್ರಿ, ಒಂದೇ ವರ್ಷದಾಗೆ ಎಷ್ಟು ಫರಕು!’ ಎಂದು ಸಮಾಲೋಚಕರಿಗೆ ಶಾಲು ಹೊದಿಸಿದರು. ಪಿ.ಟಿ. ಮೇಷ್ಟ್ರು ಎಲ್ಲರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆದರು. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ.

ಅಂದು ಮಧ್ಯಾಹ್ನದ ಶಿವಮೊಗ್ಗ ಬಸ್ಸಿನಲ್ಲಿ ಅವಳು ಮತ್ತು ವಿಜ್ಞಾನದ ಮೇಷ್ಟ್ರು ಇಬ್ಬರೂ ಇದ್ದರು. ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರು. ಡಾಕ್ಟರ ಬಾಗಿಲ ಮುಂದಿನ ಬೆಂಚಿನಲ್ಲೂ ನಡುವೆ ಜಾಗ ಬಿಟ್ಟು ಕೂತಿದ್ದರಂತೆ.

ಮೊನ್ನೆ ಸೋಮವಾರ ಪತ್ರಿಕೆಗೆ ಕಳಿಸಲು ಸಂಸ್ಥೆಯ ಒಂದು ಸಣ್ಣ ಜಾಹೀರಾತು ನನ್ನ ಕೈಗೆ ಬಂತು. ಹತ್ತನೇ ತರಗತಿಗೆ ಗಣಿತ ಶಿಕ್ಷಕರು ಬೇಕಾಗಿದ್ದಾರೆ, ಒತ್ತಡದಲ್ಲಿ ಕೆಲಸ ಮಾಡಬಲ್ಲವರಿಗೆ ಆದ್ಯತೆ ಎಂದು ಅದರಲ್ಲಿದೆ. ಬುಧವಾರ ಅದು ಪ್ರಕಟವಾಗಿದೆ.